ಗೊದಮೊಟ್ಟೆಗೆ ಕಾಲು ಬಂತು

ದೇಶದಲ್ಲಿ ಅಂಗನವಾಡಿಗಳು ಆರಂಭವಾದದ್ದು 1975ರಲ್ಲಿ. ಬಿ.ಕಾಂ. ಮುಗಿಸಿದ್ದ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ್ದೂ ಅದೇ ವರ್ಷ. ಆದರೆ ಅಂಗನವಾಡಿಯೊಳಗೆ ಕಾಲಿಟ್ಟದ್ದು ನಿವೃತ್ತನಾಗಿ ಎಷ್ಟೋ ವರ್ಷಗಳ ಮೇಲೆ, ಕಳೆದ ಮಳೆಗಾಲದಲ್ಲಿ. 'ವಾರಕ್ಕೊಂದು ದಿನ ಬಂದು ಮಕ್ಕಳಿಗೆ ಕತೆ ಹೇಳಿ ಸಾರ್' ಎಂದು ನಮ್ಮ ಬೀದಿಯ ಅಂಗನವಾಡಿ ಟೀಚರ್ ಕರೆದಿದ್ದರು.

ಮೊದಲ ದಿನ ರಾಜಕುಮಾರನ ಉದ್ದನೆಯ ಕತೆಯೊಂದನ್ನು ಶುರುಮಾಡಿದೆ. ಮೂರು ನಾಲ್ಕು ವರ್ಷದ ಮಕ್ಕಳು! ಹತ್ತು ನಿಮಿಷಕ್ಕೆ ಒಬ್ಬ ಕಿಟಕಿ ಹತ್ತಿದ, ಇಬ್ಬರು ಜಗಳಕ್ಕೆ ನಿಂತರು. ಒಬ್ಬಳು ಹುಡುಗಿ ಮಾತ್ರ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. 'ಸೇರಿ ಎರಡು ತಿಂಗಳಾಯಿತು ಸಾರ್, ಇಲ್ಲಿ ಇನ್ನೂ ಒಂದು ಮಾತೂ ಆಡಿಲ್ಲ' ಎಂದರು ಟೀಚರ್.

ಮುಂದಿನ ವಾರ ಮೊಮ್ಮಗನ ಕಪಾಟಿನಿಂದ, ಕಪ್ಪೆಯ ಬದುಕನ್ನು ಚಿತ್ರಗಳಲ್ಲಿ ತೋರಿಸುವ ಪುಸ್ತಕ ಒಯ್ದೆ. ಒಂದು ಪುಟ ಓದುವುದು, ಅದನ್ನು ಮಾಡಿ ತೋರಿಸುವುದು, ಇಷ್ಟೇ ಆಟ. ಮೊಟ್ಟೆ ಎಂದಾಗ ಎಲ್ಲರೂ ಮುದುರಿ ಉಂಡೆಯಾದರು. ಗೊದಮೊಟ್ಟೆ ಎಂದಾಗ ಚಾಪೆಯ ಮೇಲೆ ಮಲಗಿ, ಕೈಗಳನ್ನು ಮೈಗೆ ಅಂಟಿಸಿಕೊಂಡು, ಕಾಲನ್ನೇ ಬಾಲದಂತೆ ಆಡಿಸಿದರು.

'ಈಗ ಮುಂಗಾಲು ಬಂತು, ಕೈ ಚಾಚಿ' ಎಂದೆ.

'ತಾತ, ಹಿಂದಿನ ಕಾಲು ಮೊದಲು!'

ಅದೇ ಹುಡುಗಿ. ಎದ್ದು ಬಂದು ಚಿತ್ರದ ಮೇಲೆ ಬೆರಳಿಟ್ಟಿದ್ದಳು. ಅವಳು ಹೇಳಿದ್ದೇ ಸರಿ. ಗೊದಮೊಟ್ಟೆಗೆ ಮೊದಲು ಕಾಣಿಸುವುದು ಹಿಂಗಾಲು, ಆಮೇಲೆ ಮುಂಗಾಲು. ಬಾಲ ಉದುರುವುದಿಲ್ಲ, ಮೈಯೊಳಗೇ ಕರಗುತ್ತದೆ. ಲೆಡ್ಜರಿನಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನೂ ಹುಡುಕಿ ತೆಗೆಯುತ್ತಿದ್ದ ನಾನು ಒಂದು ಪುಟ ಹಾರಿಸಿಬಿಟ್ಟಿದ್ದೆ! 'ನೀನೇ ಸರಿ ಕಣಮ್ಮ' ಎಂದೆ. ಮಕ್ಕಳು ಕುಕ್ಕರಗಾಲಲ್ಲಿ ಕೂತರು, ಕೈ ಊರಿದರು, ಕುಪ್ಪಳಿಸಿದರು. ಎಲ್ಲರಿಗಿಂತ ಮುಂದೆ ಅವಳೇ.

ರಾಜಕುಮಾರ ಎತ್ತ ಹೋದ ಎಂಬುದು ಕತೆ ಹೇಳುವವನಿಗಷ್ಟೇ ಗೊತ್ತು. ಕಪ್ಪೆಯ ಕಾಲು ಹಾಗಲ್ಲ, ಮಗುವೂ ನೋಡಿ ಹೇಳಬಹುದು. ಅವಳ ಬಾಯಿ ತೆರೆಸಿದ್ದು ಅದೇ ಎಂದು ನನಗನ್ನಿಸುತ್ತದೆ.

ಅಜ್ಜ ಅಜ್ಜಿಯರೇ, ಕತೆ ಹೇಳುವುದನ್ನು ಬಿಡಬೇಡಿ. ಜೊತೆಗೆ ಇರುವೆ, ಬೀಜ, ಮಳೆಯಂಥ ನಿಜ ಸಂಗತಿಗಳ ಪುಸ್ತಕವೂ ಒಂದಿರಲಿ. ಪುಟಕ್ಕೆ ಎರಡೇ ವಾಕ್ಯ ಓದಿ. ಮಗು ಬೀಜವಾಗಿ ಮುದುರಲಿ, ಮೊಳಕೆಯಾಗಿ ಏಳಲಿ. ಮಂಡಿನೋವಿದ್ದರೆ ನನ್ನ ಹಾಗೆ ಕುರ್ಚಿಯಲ್ಲಿ ಕೂತೇ ಕೈ ಆಡಿಸಿ. ಪುಸ್ತಕ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ, ನಾಳೆ ಮುಂದುವರಿಸಿ.

ಮಕ್ಕಳೇ, ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ನೀವೂ ಹೀಗೆ ಓದಿಸಿ, ಆಡಿಸಿ. ತಾತ ತಪ್ಪಿದರೆ ತಿದ್ದಿ, ಬೇಜಾರಿಲ್ಲ.