ಹೊರೆ ಕಟ್ಟುವ ಮೊದಲು ಬೆಲೆ ಕೇಳಿರಿ

ಕಳೆದ ಸಲ ನಾವು ವಿಚಾರಿಸದೆ ಪೇಟೆಗೆ ಒಯ್ದ ಬಾಳೆಗೊನೆಗೆ ಜೀಪಿನ ಬಾಡಿಗೆಯೂ ಹುಟ್ಟಲಿಲ್ಲ.

1997ರ ಜನವರಿಯ ಒಂದು ದಿನ ವಡಗರದ ಕಡಲ ದಂಡೆಯಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದರಲ್ಲಿದ್ದರು. ಅದೇ ಹೊತ್ತಿಗೆ 15 ಕಿಲೋಮೀಟರಿನೊಳಗೆ 27 ಮಂದಿ ವ್ಯಾಪಾರಿಗಳು ಮೀನು ಸಿಗದೆ ಬರಿಗೈಯಲ್ಲಿ ಮರಳುವುದರಲ್ಲಿದ್ದರು. ಮುಂದೆ ಮೊಬೈಲು ಬಂತು; 2000ದಲ್ಲಿ ನಮ್ಮ ಕಾಸರಗೋಡಿಗೂ ಬಂತು. ದೋಣಿಯಿಂದಲೇ ಬೆಲೆ ಕೇಳಿ ದಡ ಸೇರುವ ರೂಢಿಯಾಯಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ನರು 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೀನುಗಾರರ ಲಾಭ ನೂರಕ್ಕೆ 8ರಷ್ಟು ಏರಿತು. ಉಣ್ಣುವವರಿಗೆ ಬೆಲೆ ನೂರಕ್ಕೆ 4ರಷ್ಟು ಇಳಿಯಿತು.

ರೈತ ಬಾಂಧವರೇ, ನೆರೆಕರೆಯ ಹತ್ತು ಮನೆಯವರು ಸೇರೋಣ. ಕೊಯ್ಲಿನ ಮುನ್ನಾದಿನ ಒಬ್ಬರು ಮೂರು ಪೇಟೆಗಳ ಬೆಲೆ ಕೇಳಿ ಎಲ್ಲರಿಗೂ ತಿಳಿಸಲಿ. ಕೇಳಲು ತಗಲುವುದು ಗಳಿಗೆ ಹೊತ್ತು. ಕೇಳದಿದ್ದರೆ ಹೋಗುವುದು ವರ್ಷದ ದುಡಿಮೆ.