ನಿಮಗಿದು ಗೊತ್ತೇ? ಕವಲೇದುರ್ಗದ ಸುತ್ತಿನ ರಾಜ್ಯಶಾಸ್ತ್ರ

ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಹಿಡಿದವರನ್ನು ‘ಸೈನ್ಸ್ ಸಿಗಲಿಲ್ವಾ?’ ಎಂದು ಕೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಇಂಗ್ಲೆಂಡಿನಲ್ಲಿ ಇದೇ ವಯಸ್ಸಿನವರು, ಅಂದರೆ 16ರಿಂದ 18ರವರು, ಎ-ಲೆವೆಲ್‌ನಲ್ಲಿ ಇದೇ ವಿಷಯವನ್ನು ಮೂರು ಪ್ರಶ್ನೆಪತ್ರಿಕೆ ಬರೆದು ಮುಗಿಸುತ್ತಾರೆ. ಆದರೆ ಪಾಠಕ್ಕೆ ಬೇಕಾದ ಉದಾಹರಣೆಗಳ ವಿಷಯದಲ್ಲಿ ಅವರಿಗಿಂತ ತೀರ್ಥಹಳ್ಳಿ, ಹೊಸನಗರ, ಸಾಗರದ ಮಕ್ಕಳೇ ಅನುಕೂಲಸ್ಥರು. ಹೇಗೆ ಅಂತೀರಾ?

ಈಗಿನ ತೀರ್ಥಹಳ್ಳಿ ತಾಲ್ಲೂಕಿಗೆ ಮೈಸೂರು ಸಂಸ್ಥಾನದ ದಾಖಲೆಗಳಲ್ಲಿ ಹಿಂದೆ ಇದ್ದ ಹೆಸರು ಕವಲೇದುರ್ಗ ತಾಲ್ಲೂಕು.

ಕೆಳದಿ ಅರಸರ ಕವಲೇದುರ್ಗದ ಕೋಟೆ ಹತ್ತಿದವರು ಅರಮನೆಯ ಅವಶೇಷದಲ್ಲಿ ಐದು ಬಾಯಿಯ ಕಲ್ಲಿನ ಒಲೆ ನೋಡದೆ ಇಳಿಯುವುದಿಲ್ಲ. ಅರಮನೆಯ ಒಲೆ ಉರಿಯಬೇಕಾದರೆ ಕಂದಾಯ ಬರಬೇಕಲ್ಲ! ಕೆಳದಿಯ ಶಿವಪ್ಪ ನಾಯಕ (ಆಳ್ವಿಕೆ 1645–60) ಜಮೀನನ್ನು ಮಣ್ಣಿನ ಗುಣ ನೋಡಿ ಐದು ದರ್ಜೆ ಮಾಡಿ, ಫಸಲಿಗೆ ತಕ್ಕಂತೆ ಕಂದಾಯ ಕಟ್ಟಿದ. ಅದೇ ‘ಶಿವಪ್ಪನಾಯಕನ ಶಿಸ್ತು’.

ಔರಂಗಜೇಬನ ಸೇನೆ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟವಳು ಕೆಳದಿ ಚೆನ್ನಮ್ಮ. ವಿದೇಶಾಂಗ ನೀತಿಯ ಪಾಠಕ್ಕೆ ಇಷ್ಟು ಹತ್ತಿರದ ಉದಾಹರಣೆ ಮತ್ತೆಲ್ಲಿ ಸಿಕ್ಕೀತು?

ಮೈಸೂರಿನ ಆಡಳಿತ 1831ರಲ್ಲಿ ಬ್ರಿಟಿಷ್ ಕಮಿಷನರ್‌ಗಳ ಕೈಗೆ ಹೋಗಲು ನೆಪವಾದದ್ದು ಇದೇ ಭಾಗದ ನಗರ ಸೀಮೆಯ ರೈತರ ದಂಗೆ. ಅಧಿಕಾರ ಅರಸರಿಗೆ ಮರಳಿದ್ದು ಭರ್ತಿ 50 ವರ್ಷದ ಮೇಲೆ, 1881ರಲ್ಲಿ. ಅದೇ ವರ್ಷ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು.

ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಊರಿನವರು ನೇಮಿಸಿಕೊಂಡ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಇನ್ನೂ ಹುಡುಗರು! ಆದರೆ ಮುಂದಿನದು ಆಟವಾಗಿ ಉಳಿಯಲಿಲ್ಲ. 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು.

ಸಾಮಾಜಿಕ ಚಳವಳಿಗಳ ಪಾಠ ಓದುವವರು ಸಾಗರ ತಾಲ್ಲೂಕಿನ ಕಾಗೋಡನ್ನು ಬಿಡುವಂತಿಲ್ಲ. ಅಲ್ಲಿ ಜಗಳ ಹತ್ತಿದ್ದು ಒಂದು ಕೊಳಗದಿಂದ. ಗೇಣಿ ಭತ್ತ ಅಳೆಸಿಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಇಡುತ್ತಾರೆ ಎಂಬುದು ಗೇಣಿದಾರರ ದೂರು. ವರ್ಷವಿಡೀ ದುಡಿದವನ ಕಣಜ ತುಂಬುವುದೋ ಬರಿದಾಗುವುದೋ ಆ ಅಳತೆಯ ಮೇಲೆ ನಿಂತಿತ್ತು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, 1951ರಲ್ಲಿ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಗೇಣಿ ಪದ್ಧತಿಗೆ ಕೊನೆ ಹಾಡಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ.

ಕಾಗೋಡಿನ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಿಂದ ಶಾಸಕರಾದರು. ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ, 1942ರ ಚಳವಳಿಯಲ್ಲಿ ಜೈಲು ಕಂಡವರು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬೇಕೆಂದು ಸದನದಲ್ಲಿ ಪಟ್ಟು ಹಿಡಿದಿದ್ದ ಅವರು, ಆ ಹೆಸರು ಬರುವ ಹಿಂದಿನ ವರ್ಷವೇ ತೀರಿಕೊಂಡರು.

ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಕಡಿದಾಳ್ ಮಂಜಪ್ಪ 1956ರಲ್ಲಿ ಮುಖ್ಯಮಂತ್ರಿ. ಕುರ್ಚಿಯಲ್ಲಿದ್ದದ್ದು ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ ಮಾತ್ರ. ಮರುದಿನವೇ ವಿಶಾಲ ಮೈಸೂರು ಹುಟ್ಟಿತು.

ಹೊಸನಗರಕ್ಕೆ ತಾಲ್ಲೂಕು ಉಂಟು, ವಿಧಾನಸಭಾ ಕ್ಷೇತ್ರವಿಲ್ಲ! 2008ರ ಮರುವಿಂಗಡಣೆಯಲ್ಲಿ ಅದು ಸಾಗರ, ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಯಿತು. ತಾಲ್ಲೂಕು ಒಂದು, ಶಾಸಕರು ಇಬ್ಬರು. ಇದರಿಂದ ಲಾಭವೋ ನಷ್ಟವೋ, ಹೊಸನಗರದವರನ್ನೇ ಕೇಳಿ.

ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 61ನೇ ತಿದ್ದುಪಡಿಯಿಂದ, 1989ರಲ್ಲಿ. ಪರೀಕ್ಷೆಗೆಂದು ಇದನ್ನು ಉರು ಹೊಡೆಯುವ ಪಿಯುಸಿ ಮಕ್ಕಳೇ, 17 ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿಯೇ ಅರ್ಜಿ ಹಾಕಬಹುದು. ಬೇಕಾದದ್ದು ನಮೂನೆ 6. ಅದನ್ನು ನಿಮ್ಮೂರಿನ ಮತಗಟ್ಟೆ ಮಟ್ಟದ ಅಧಿಕಾರಿಗೆ ಕೊಡಬಹುದು.