ಜೊತೆಗೊಯ್ಯುವ ಸೋಲ್ಡರಿಂಗ್ ಐರನ್: ಕೊಳ್ಳುವ ಮುನ್ನ

ಅಂಗಡಿಗಳಲ್ಲಿ 'ಲೆಡ್' ಎಂದೇ ಕೇಳಿ ಪಡೆಯುವ ತವರ-ಸೀಸದ ಬೆಸುಗೆ ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಸೀಸವಿಲ್ಲದ ತಂತಿಗೆ ಸಾಮಾನ್ಯವಾಗಿ 217 ಡಿಗ್ರಿಯಷ್ಟಾದರೂ ಬೇಕು. ಇಷ್ಟು ಬಿಸಿಯನ್ನು ತೀರ ಅಗ್ಗದ ಸೋಲ್ಡರಿಂಗ್ ಐರನ್ ಕೂಡ ಮುಟ್ಟುತ್ತದೆ. ಹಾಗಾಗಿ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ '400 ಡಿಗ್ರಿ' ಎಂಬ ಸಂಖ್ಯೆ ನೋಡಿ ಐರನ್ ಆರಿಸಿದರೆ ಪ್ರಯೋಜನವಿಲ್ಲ. ಮೊನೆಯ ಬಿಸಿಯನ್ನು ತಾಮ್ರ ಹೀರಿಕೊಂಡಾಗ, ಕಳೆದುಹೋದದ್ದನ್ನು ಐರನ್ ಎಷ್ಟು ಬೇಗ ತುಂಬಿಕೊಡುತ್ತದೆ ಎಂಬುದೇ ಮುಖ್ಯ.

ದಪ್ಪ ತಂತಿಗೆ ಬಲ ಸಾಲದ ಐರನ್ ಹಿಡಿದಾಗ ಇದು ಕಣ್ಣಿಗೇ ಕಾಣುತ್ತದೆ. ಲೆಡ್ ಕರಗುತ್ತದೆ, ಆದರೆ ಎಳೆಗಳ ನಡುವೆ ಇಳಿಯದೆ ಗುಂಡಗೆ ಮೇಲೆಯೇ ಕೂರುತ್ತದೆ. ಹತ್ತಿಪ್ಪತ್ತು ಸೆಕೆಂಡು ಒತ್ತಿ ಹಿಡಿದರೆ ಬಿಸಿ ತಂತಿಯುದ್ದಕ್ಕೂ ಹರಿದು, ಪಿವಿಸಿ ಹೊದಿಕೆ ಮೆತ್ತಗಾಗಿ ಹಿಂದೆ ಸರಿಯುತ್ತದೆ. ಆರಿದ ಮೇಲೆ ಉಳಿಯುವುದು ಮಂಕಾದ, ಒರಟಾದ ಗುಳ್ಳೆ. ರಿಪೇರಿಯವರು ಡ್ರೈ ಸೋಲ್ಡರ್ ಎನ್ನುವುದು ಇದನ್ನೇ. ಸಾಕಷ್ಟು ಬಲವಿದ್ದ ಐರನ್‌ನಲ್ಲಿ ಅದೇ ಕೆಲಸ ಎರಡು ಮೂರು ಸೆಕೆಂಡಿನದು; ಲೆಡ್ ನೀರಿನಂತೆ ಎಳೆಗಳೊಳಗೆ ಹರಿಯುತ್ತದೆ, ಹೊದಿಕೆ ಸುಡುವುದಿಲ್ಲ. ಕಡಿಮೆ ವಾಟ್‌ನ ಐರನ್ ಬಿಡಿಭಾಗಗಳಿಗೆ ಸುರಕ್ಷಿತ ಎಂಬ ನಂಬಿಕೆ ಅನೇಕರಲ್ಲಿದೆ. ಹೆಚ್ಚಿನ ಸಂದರ್ಭಗಳಲ್ಲಿ ಹಾಳು ಮಾಡುವುದು ಹೊತ್ತುಗಟ್ಟಲೆ ತಾಗಿಸಿಡುವ ಆ ದುರ್ಬಲ ಐರನ್ನೇ.

ಕರೆಂಟಿನ ಪ್ಲಗ್ ಸಿಗದ ಕಡೆ ಬಳಸಲು ಮುಖ್ಯವಾಗಿ ಮೂರು ಬಗೆಯ ಐರನ್‌ಗಳಿವೆ. ಪೆನ್ಸಿಲ್ ಸೆಲ್ ಹಾಕುವಂಥವು ಏಳೆಂಟು ವಾಟ್‌ನ ಆಸುಪಾಸಿನವು. ಇಯರ್‌ಫೋನ್ ತಂತಿ, ಸಣ್ಣ ಎಲ್‌ಇಡಿ ಬಿಟ್ಟರೆ ಬೇರೆ ಕೆಲಸಕ್ಕೆ ಅವನ್ನು ನೆಚ್ಚುವಂತಿಲ್ಲ.

ಎರಡನೆಯದು ಲೈಟರಿಗೆ ತುಂಬುವ ಬ್ಯುಟೇನ್ ಅನಿಲದಿಂದ ಕಾಯುವ ಐರನ್. ಹೊಲದ ಪಂಪ್‌ಸೆಟ್ ಬಳಿ, ಕಂಬದ ಮೇಲೆ, ರಸ್ತೆ ಬದಿಯಲ್ಲಿ ಕೆಟ್ಟು ನಿಂತ ವಾಹನದಡಿ ಇದಕ್ಕೆ ಸಾಟಿಯಿಲ್ಲ. ದಪ್ಪ ತಂತಿಗೂ ಬೇಕಾದಷ್ಟು ಬಿಸಿ ಕೊಡುತ್ತದೆ. ಆದರೆ ಮೊನೆಯ ಬಿಸಿಯನ್ನು ಇಂತಿಷ್ಟೇ ಡಿಗ್ರಿಗೆ ನಿಲ್ಲಿಸುವುದು ಕಷ್ಟ. ಪಕ್ಕದ ಕಿಂಡಿಯಿಂದ ಹೊರಬರುವ ಬಿಸಿಗಾಳಿ ಹತ್ತಿರದ ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು. ಪೆಟ್ರೋಲ್ ವಾಸನೆಯಿರುವಲ್ಲಿ ಇದನ್ನು ಹೊತ್ತಿಸಲೇಬಾರದು. ಅನಿಲ ತುಂಬಿದ ಐರನ್ನನ್ನು ವಿಮಾನದಲ್ಲಿ ಒಯ್ಯುವಂತೆಯೂ ಇಲ್ಲ.

ಮೂರನೆಯದು ಯುಎಸ್‌ಬಿ-ಸಿ ಐರನ್. ಮನೆ ರಿಪೇರಿಗೂ ಸರ್ಕ್ಯೂಟ್ ಬೋರ್ಡಿನ ಕೆಲಸಕ್ಕೂ ಇಂದು ಮೊದಲು ನೋಡಬೇಕಾದದ್ದು ಇದನ್ನೇ. ಪೈನ್‌ಸಿಲ್, ಟಿಎಸ್101 ಈ ಜಾತಿಯವು. ಇವುಗಳಲ್ಲಿ ಹೀಟರ್ ಮತ್ತು ಬಿಸಿ ಅಳೆಯುವ ಸೆನ್ಸರ್ ಎರಡೂ ಮೊನೆಯ ಬಿಟ್‌ನೊಳಗೇ ಇರುವುದರಿಂದ ಕೆಲವೇ ಸೆಕೆಂಡುಗಳಲ್ಲಿ ಕಾಯುತ್ತವೆ, ತಣಿದದ್ದು ತಿಳಿದ ಕೂಡಲೇ ಮತ್ತೆ ಬಿಸಿ ತುಂಬುತ್ತವೆ. ಅಲ್ಲಾಡದೆ ಸ್ವಲ್ಪ ಹೊತ್ತು ಬಿದ್ದಿದ್ದರೆ ತಾವೇ ಬಿಸಿ ಇಳಿಸಿಕೊಳ್ಳುವ ಏರ್ಪಾಡೂ ಇದೆ.

ಆದರೆ ಈ ಐರನ್ ಎಷ್ಟು ಒಳ್ಳೆಯದಾದರೂ ಅದರ ಬಲ ನಿಂತಿರುವುದು ಚಾರ್ಜರಿನ ಮೇಲೆ. ವೋಲ್ಟೇಜಿನ ವರ್ಗವನ್ನು ಹೀಟರಿನ ರೋಧದಿಂದ ಭಾಗಿಸಿದರೆ ವಾಟ್ ಸಿಗುತ್ತದೆ. ಹೀಟರಿನ ರೋಧ 8 ಓಮ್ ಎಂದಿಟ್ಟುಕೊಂಡರೆ 20 ವೋಲ್ಟ್‌ಗೆ 50 ವಾಟ್. 12 ವೋಲ್ಟ್‌ಗೆ 18 ವಾಟ್. 9 ವೋಲ್ಟ್‌ಗೆ ಬರೀ 10 ವಾಟ್. ಕಡಿಮೆ ವೋಲ್ಟ್ ಕೊಡುವ ಮೊಬೈಲಿನ ಸಾಮಾನ್ಯ ಚಾರ್ಜರಿಗೆ ಸಿಕ್ಕಿಸಿ 'ಕಾಯುವುದೇ ಇಲ್ಲ' ಎಂದು ದೂರುವುದಕ್ಕೆ ಕಾರಣ ಇದೇ. ಪವರ್ ಡೆಲಿವರಿ ಇರುವ, 20 ವೋಲ್ಟ್ ಕೊಡುವ 65 ವಾಟ್‌ನ ಅಡಾಪ್ಟರ್ ಅಥವಾ ಅದಕ್ಕೆ ಸರಿದೂಗುವ ಪವರ್ ಬ್ಯಾಂಕ್ ಇಲ್ಲದೆ ಈ ಐರನ್ ಕೊಂಡರೆ ಹಣ ದಂಡ. ಕೇಬಲ್ಲಿಗೆ ಸಿಲಿಕೋನ್ ಹೊದಿಕೆಯಿದ್ದರೆ ಕೈಗೆ ಭಾರವೆನಿಸುವುದಿಲ್ಲ, ಕಾದ ಮೊನೆ ತಾಗಿದರೂ ಕರಗುವುದಿಲ್ಲ. ಎರಡು ಪಿನ್ನಿನ ಅಡಾಪ್ಟರ್ ಬಳಸಿದಾಗ ಮೊನೆಯಲ್ಲಿ ಅತಿ ಸಣ್ಣ ಸೋರಿಕೆ ವಿದ್ಯುತ್ ಇರಬಹುದು. ಸೂಕ್ಷ್ಮ ಐಸಿಗಳ ಕೆಲಸದಲ್ಲಿ ಅರ್ಥ್ ತಂತಿ ಜೋಡಿಸಿಕೊಳ್ಳಬೇಕು, ಇಲ್ಲವೇ ಪವರ್ ಬ್ಯಾಂಕಿನಿಂದ ನಡೆಸಬೇಕು.

ಐರನ್ ಜೊತೆ ಬರುವ ಸೂಜಿಮೊನೆಯ ಬಿಟ್ ಚೆನ್ನಾಗಿ ಕಂಡರೂ ತಂತಿ ಕೆಲಸಕ್ಕೆ ಒಗ್ಗದು. ಉಳಿಯಂತೆ ಚಪ್ಪಟೆಯಾದ, 2ರಿಂದ 3 ಮಿಲಿಮೀಟರ್ ಅಗಲದ ಬಿಟ್ ಹೆಚ್ಚು ಜಾಗಕ್ಕೆ ತಾಗಿ ಬೇಗ ಬಿಸಿ ದಾಟಿಸುತ್ತದೆ. ಕೊಳ್ಳುವಾಗಲೇ ಬದಲಿ ಬಿಟ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಬೇಕು. ಈಗಿನ ಬಿಟ್‌ಗಳಲ್ಲಿ ತಾಮ್ರದ ಮೇಲೆ ಕಬ್ಬಿಣದ ಲೇಪವಿರುತ್ತದೆ; ಹಳೆಯ ತಾಮ್ರದ ಬಿಟ್ ಉಜ್ಜಿದಂತೆ ಅರ ಹಾಕಿದರೆ ಲೇಪ ಕಿತ್ತು ಮೊನೆ ತೂತು ಬೀಳುತ್ತದೆ. ಒದ್ದೆ ಸ್ಪಂಜು ಅಥವಾ ಹಿತ್ತಾಳೆ ನಾರಿನಲ್ಲಿ ಒರೆಸಿ, ಆರಿಸುವ ಮೊದಲು ಮೊನೆಗೆ ಸ್ವಲ್ಪ ಲೆಡ್ ಹಚ್ಚಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ.

ಎಂಥ ಐರನ್ ಇದ್ದರೂ ಮನೆಯ ವೈರಿಂಗಿನ ಎಲ್ಲ ಜೋಡಣೆಗೂ ಬೆಸುಗೆ ತಕ್ಕದ್ದಲ್ಲ. ಸ್ಕ್ರೂ ಬಿಗಿಯುವ ಟರ್ಮಿನಲ್ಲಿಗೆ ತೂರಿಸುವ ತಂತಿಯ ತುದಿಗೆ ಲೆಡ್ ಹಾಕಬಾರದು. ಬೆಸುಗೆ ಮೆದು ಲೋಹವಾದ್ದರಿಂದ ಒತ್ತಡಕ್ಕೆ ಕ್ರಮೇಣ ಚಪ್ಪಟೆಯಾಗಿ, ಸ್ಕ್ರೂ ಸಡಿಲವಾಗಿ, ಜೋಡಣೆ ಕಾಯತೊಡಗುತ್ತದೆ. ಗೀಸರ್, ಮೋಟರಿನಂಥ ಭಾರೀ ಕರೆಂಟಿನ ಕಡೆ ಒತ್ತಿ ಕೂರಿಸುವ ಲಗ್ ಬಳಸುವುದೇ ಸರಿ.